ಎಲೆಕೋಸಿನ ಚುಕ್ಕೆ ರೋಗ: ಬೋರ್ಡೋ, ಮ್ಯಾಂಕೋಜೆಬ್, ಬಿಸಿನೀರು

ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಹಿತ್ತಲಲ್ಲಿ ನೆಟ್ಟ ಎಲೆಕೋಸು, ಹೂಕೋಸುಗಳನ್ನು ಆಲ್ಟರ್ನೇರಿಯಾ ಶಿಲೀಂಧ್ರದ ಎಲೆಚುಕ್ಕೆ ರೋಗ ಕಾಡುತ್ತದೆ. ಬುಡದ ಹಳೆಯ ಎಲೆಗಳಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯಾಗಿ ಶುರುವಾಗುವ ಇದು ದೊಡ್ಡದಾದಂತೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ, ಸುತ್ತಲೂ ಹಳದಿ ಅಂಚು ಕಾಣುತ್ತದೆ, ಒಣಗಿದ ನಡುಭಾಗ ಉದುರಿ ಎಲೆ ತೂತಾಗುತ್ತದೆ. ಎಲೆಯಂಚಿನಿಂದ ಒಳಕ್ಕೆ ‘ವಿ’ ಆಕಾರದಲ್ಲಿ ಹಳದಿ ಹಬ್ಬಿ ನರಗಳು ಕಪ್ಪಾಗಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಕಪ್ಪು ಕೊಳೆ. ಅದಕ್ಕೆ ಶಿಲೀಂಧ್ರನಾಶಕವಾದ ಮ್ಯಾಂಕೋಜೆಬ್ ಹೊಡೆದು ಪ್ರಯೋಜನವಿಲ್ಲ.

ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತ, ಸುಣ್ಣ ಮನೆಯಲ್ಲಿದ್ದುದರಿಂದ ಒಂದು ಪಾತಿಗೆ ಅವೆರಡನ್ನೂ ನೀರಲ್ಲಿ ಬೆರೆಸಿ ಮಾಡುವ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿದೆ. ಹೊಸ ಚುಕ್ಕೆಗಳು ಕಡಿಮೆಯಾದವು. ಆದರೆ ಮಂಜು ಕವಿದ ದಿನಗಳಲ್ಲಿ ಎಳೆಯ ಎಲೆಗಳ ಅಂಚು ಸುಟ್ಟಂತಾಯಿತು, ಎಲೆಗಳ ಮಡಿಕೆಯಲ್ಲಿ ಉಳಿದ ನೀಲಿ ಕಲೆ ತೊಳೆದರೂ ಪೂರ್ತಿ ಹೋಗಲಿಲ್ಲ.

ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿದ ಮ್ಯಾಂಕೋಜೆಬ್ ಎಲೆಗೆ ಹಾನಿ ಮಾಡಲಿಲ್ಲ. ಕೋಸಿನ ಎಲೆಯ ಮೇಲಿನ ಮೇಣದಂಥ ಪದರದಿಂದಾಗಿ ಬರಿಯ ದ್ರಾವಣ ಹನಿ ಹನಿಯಾಗಿ ಉರುಳಿ ಬೀಳುವುದರಿಂದ ಅಂಟು ದ್ರಾವಣ ಸೇರಿಸಲೇಬೇಕು. ಇದು ಎಲೆಯ ಹೊರಮೈಯಲ್ಲಷ್ಟೇ ನಿಂತು ಕಾಯುವ ಔಷಧ. ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ, ಆಮೇಲೆ ಮೂಡಿದ ಎಲೆಗಳಿಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಅಡುಗೆಗೆ ಬೇಕೆನಿಸಿದಾಗ ಕೊಯ್ಯುವ ಹಿತ್ತಲಿನಲ್ಲಿ ಪೊಟ್ಟಣದ ಮೇಲೆ ಹೇಳಿದಷ್ಟು ದಿನ ಕಾಯುವುದೂ ಕಷ್ಟ.

ಈ ರೋಗ ಬೀಜದ ಮೂಲಕವೂ ಬರುತ್ತದೆ. ಹಾಗಾಗಿ ಮತ್ತೊಂದು ಪಾತಿಗೆ ಬೀಜವನ್ನೇ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ, ಎಲೆಕೋಸಿನದನ್ನು 25 ನಿಮಿಷ, ಹೂಕೋಸಿನದನ್ನು 20 ನಿಮಿಷ ಇಟ್ಟು, ತಣ್ಣೀರಿಗೆ ಹಾಕಿ, ನೆರಳಲ್ಲಿ ಒಣಗಿಸಿ ಬಿತ್ತಿದೆ. ಥರ್ಮಾಮೀಟರ್ ಇಲ್ಲದೆ ಇದಕ್ಕೆ ಕೈಹಾಕಬಾರದು: ಬಿಸಿ ಹೆಚ್ಚಾದರೆ ಮೊಳಕೆ ಸಾಯುತ್ತದೆ, ಕಡಿಮೆಯಾದರೆ ಶಿಲೀಂಧ್ರ ಉಳಿಯುತ್ತದೆ. ಔಷಧ ಲೇಪಿಸಿದ ಬಣ್ಣದ ಬೀಜಕ್ಕೂ ಹಳೆಯ ಬೀಜಕ್ಕೂ ಇದು ಹೊಂದುವುದಿಲ್ಲ. ಎಲೆ ತೋಯದಂತೆ ಬೆಳಗ್ಗೆ ಬುಡಕ್ಕಷ್ಟೇ ನೀರು ಕೊಟ್ಟು, ಚುಕ್ಕೆ ಕಂಡ ಬುಡದ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟೆ. ಈ ಪಾತಿಯಲ್ಲಿ ಚುಕ್ಕೆ ತಡವಾಗಿ ಕಾಣಿಸಿಕೊಂಡು ಕೆಳಗಿನ ಎಲೆಗಳಲ್ಲೇ ಉಳಿಯಿತು.

ಮನೆಬಳಕೆಯ ಬೆಳೆಗೆ ನಾನು ಬಿಸಿನೀರಿನ ಕ್ರಮವನ್ನೇ ಆರಿಸುತ್ತೇನೆ. ಗಡ್ಡೆ ಕಟ್ಟುವ ಮುನ್ನ ಇಬ್ಬನಿ ಬಿಡದೆ ಸುರಿದರೆ ಮಾತ್ರ ಮ್ಯಾಂಕೋಜೆಬ್. ಅದೇ ಪಾತಿಯಲ್ಲಿ ಎರಡು ಮೂರು ವರ್ಷ ಮೂಲಂಗಿ, ಸಾಸಿವೆ, ನವಿಲುಕೋಸುಗಳನ್ನೂ ಬೆಳೆಯದೆ ಹುರುಳಿಕಾಯಿಯನ್ನೋ ಬೆಂಡೆಯನ್ನೋ ಹಾಕಬೇಕು. ಹೂಕೋಸಿನ ಹೂವಿಗೇ ಕಂದು ಚುಕ್ಕೆ ಹತ್ತಿದ ಮೇಲೆ ಔಷಧ ಹೊಡೆಯುವುದು ವ್ಯರ್ಥ. ಆ ಭಾಗವನ್ನು ತೆಗೆದು ಉಳಿದುದನ್ನು ಬೇಗ ಕೊಯ್ದುಕೊಳ್ಳಬೇಕು.