ಯುರೋ ಹಾಕಿ ಟೂರ್ ಆನ್‌ಲೈನ್‌ನಲ್ಲಿ: ಆಟಕ್ಕೆ ಪೂರ್ತಿ ಅಂಕ, ಬಿಡುವಿಗೆ ಸೊನ್ನೆ

ನಾನು ದಾವಣಗೆರೆಯಲ್ಲಿ ಫ್ರಿಜ್, ಎಸಿ, ಐಸ್ ಕ್ಯಾಂಡಿ ಮಷಿನ್ ರಿಪೇರಿ ಮಾಡುತ್ತೇನೆ. ಕೆಲಸ ಕಲಿತಿದ್ದು ಒಂದು ಐಸ್ ಫ್ಯಾಕ್ಟರಿಯಲ್ಲಿ. ಉಪ್ಪುನೀರಿನ ತೊಟ್ಟಿಗೆ ಡಬ್ಬಿ ಇಳಿಸೋದು, ಐಸ್ ಗಡ್ಡೆ ಎತ್ತೋದು, ಅಲ್ಲಿಂದ ಶುರು. ಅಕ್ಕನ ಮಗ ಈಗ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ಕೆಲಸಕ್ಕಿದ್ದಾನೆ. ನವೆಂಬರ್‌ನಲ್ಲಿ ಫೋನ್ ಮಾಡಿ, "ಮಾವ, ಇಲ್ಲಿ 60 ಮೀಟರ್ ಉದ್ದಕ್ಕೆ ಐಸ್ ಹಾಸಿ ಹಾಕಿ ಆಡ್ತಾರೆ. ನೀವು ನೋಡ್ಲೇಬೇಕು," ಅಂದ. ಪಂದ್ಯ ತೋರಿಸುವ ಒಂದು ಆನ್‌ಲೈನ್ ಸೇವೆಗೆ ಒಂದು ತಿಂಗಳ ದುಡ್ಡು ಕಟ್ಟಿದೆ. ನಾವು ನಾಲ್ಕು ಜನ ಹೊಟ್ಟೆ ತುಂಬ ಬೆಣ್ಣೆ ದೋಸೆ ತಿನ್ನುವಷ್ಟು ಆಯ್ತು. ಅದಕ್ಕೆ ತಕ್ಕ ಮಾಲು ಸಿಕ್ಕಿತಾ ಅನ್ನೋದೇ ಇಲ್ಲಿ ಹೇಳಬೇಕಾಗಿರೋದು.

ಮೊದಲು ಯುರೋ ಹಾಕಿ ಟೂರ್ ಅನ್ನೋ ಈ ಟೂರ್ನಿ ಬಗ್ಗೆ. ಫಿನ್‌ಲ್ಯಾಂಡ್, ಸ್ವೀಡನ್, ಚೆಕ್, ಸ್ವಿಟ್ಜರ್‌ಲ್ಯಾಂಡ್, ಈ ನಾಲ್ಕು ದೇಶದ ತಂಡಗಳು. ಮೊದಲು ರಷ್ಯಾ ಇತ್ತು. 2022ರಲ್ಲಿ ಯುದ್ಧ ಶುರುವಾದ ಮೇಲೆ ಅದನ್ನು ಕೈಬಿಟ್ಟು ಸ್ವಿಟ್ಜರ್‌ಲ್ಯಾಂಡನ್ನು ಸೇರಿಸಿಕೊಂಡರು. ಒಂದು ಸೀಸನ್‌ಗೆ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ ಒಂದೊಂದು ದೇಶ ಯಜಮಾನ. ನಾನು ನೋಡಿದ್ದು ಫಿನ್‌ಲ್ಯಾಂಡಿನ ಕರ್ಯಲಾ ಸುತ್ತು. ಕರ್ಯಲಾ ಅನ್ನೋದು ಅಲ್ಲಿನ ಒಂದು ಬಿಯರ್ ಹೆಸರು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆರೂವರೆ ಅಂದರೆ ಇಲ್ಲಿ ರಾತ್ರಿ ಹತ್ತು. ಅಂಗಡಿ ಶಟರ್ ಎಳೆದು, ಊಟ ಮುಗಿಸಿ ಕೂರೋಕೆ ಸರಿಯಾದ ಹೊತ್ತು.

ಮೊದಲ ರಾತ್ರಿ ನಿಜಕ್ಕೂ ಬೇಜಾರಾಯಿತು. ಪಕ್ ಕಾಣಿಸಲೇ ಇಲ್ಲ. ಅದು ಚೆಂಡಿನ ಬದಲು ಹೊಡೆಯುವ ಗಟ್ಟಿ ರಬ್ಬರ್ ಬಿಲ್ಲೆ, ಅಗಲ ಏಳೂವರೆ ಸೆಂಟಿಮೀಟರ್‌ಗೆ ಸ್ವಲ್ಪ ಜಾಸ್ತಿ, ದಪ್ಪ ಎರಡೂವರೆ. ಪುಟಿಯಬಾರದು ಅಂತ ಅದನ್ನೂ ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿಕೊಂಡೇ ಆಟಕ್ಕೆ ತರುತ್ತಾರೆ. ಜೋರಾಗಿ ಹೊಡೆದರೆ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಆಮೇಲೆ ಸೆಟ್ಟಿಂಗ್ ತೆಗೆದು ನೋಡಿದರೆ, ಆಟೋದಲ್ಲಿ ಇಟ್ಟಾಗ ಸೆಕೆಂಡಿಗೆ ಬರೀ 25 ಚಿತ್ರ ಬರ್ತಾ ಇತ್ತು. ಲೆಕ್ಕ ಹಾಕಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಪಕ್ ಒಂದೂವರೆ ಮೀಟರ್‌ಗಿಂತ ದೂರ ಹೋಗಿರುತ್ತದೆ. ಕಣ್ಣಿಗೆ ಹೇಗೆ ಸಿಗಬೇಕು? 50ಕ್ಕೆ ಬದಲಾಯಿಸಿದೆ. ಅಷ್ಟೇ, ಬೇರೆ ಆಟವೇ ಆಯಿತು. ಸ್ಟಿಕ್ ಬಾಗೋದು, ಬ್ಲೇಡ್ ಎಬ್ಬಿಸುವ ಐಸ್ ಪುಡಿ, ಗೋಲ್‌ಕೀಪರ್ ಕೈಗವುಸು ಮುಚ್ಚಿಕೊಳ್ಳೋದು, ಎಲ್ಲ ಕಂಡಿತು. ನೀವೂ ತಗೊಂಡರೆ ಮೊದಲು ಮಾಡಬೇಕಾದ ಕೆಲಸ ಇದು. ಮೊಬೈಲ್‌ನಲ್ಲಿ ಮಾತ್ರ ನೋಡಬೇಡಿ, ಟಿವಿಗೇ ಹಾಕಿ.

ಆಟ ಅರ್ಥ ಆಗೋಕೆ ಎರಡು ಪಂದ್ಯ ಸಾಕು. ಗೋಲ್‌ಕೀಪರ್ ಸೇರಿ ಒಂದೊಂದು ಕಡೆಗೆ ಆರು ಜನ. 20 ನಿಮಿಷದ ಮೂರು ಪೀರಿಯಡ್. ಮುಕ್ಕಾಲು ನಿಮಿಷ ಓಡಿದರೆ ಆಟಗಾರರ ಉಸಿರು ಮುಗಿಯುತ್ತದೆ, ಆಟ ನಡೀತಿರುವಾಗಲೇ ಬೇಲಿ ಹಾರಿ ಬೆಂಚಿಗೆ ಹೋಗುತ್ತಾರೆ, ಬೇರೆಯವರು ಇಳಿಯುತ್ತಾರೆ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಮ್ಮಿ ಇಟ್ಟುಕೊಂಡೇ ಆಡಬೇಕು. ನನಗೆ ಈ ಎರಡು ನಿಮಿಷಗಳೇ ಜಾಸ್ತಿ ಇಷ್ಟ. ನಾಲ್ಕು ಜನ ಚೌಕ ಕಟ್ಟಿಕೊಂಡು, ಪಕ್‌ಗೆ ಮೈ ಒಡ್ಡಿ ಬೀಳುತ್ತಾರೆ. ಫಿನ್‌ಲ್ಯಾಂಡ್–ಸ್ವೀಡನ್ ಪಂದ್ಯದಲ್ಲಿ ಒಬ್ಬ ಪಾದಕ್ಕೆ ಪೆಟ್ಟು ತಿಂದು, ಒಂದೇ ಕಾಲಲ್ಲಿ ಜಾರುತ್ತಾ ಪಕ್ ಆಚೆ ತಳ್ಳಿದ. ಮನೆಯಲ್ಲಿ ಎಲ್ಲರೂ ಎದ್ದು ನಿಂತೆವು.

ಈ ಸೇವೆಯಲ್ಲಿ ಹಳೇ ಪಂದ್ಯಗಳೂ ಇವೆ, ಅದಕ್ಕೆ ಒಂದು ಅಂಕ ಜಾಸ್ತಿ. 2024ರ ಮೇ 26ರಂದು ಪ್ರಾಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಪೂರ್ತಿ ನೋಡಿದೆ. ಚೆಕ್ ಮತ್ತು ಸ್ವಿಟ್ಜರ್‌ಲ್ಯಾಂಡ್. ಎರಡು ಪೀರಿಯಡ್ ಗೋಲೇ ಇಲ್ಲ. ಮೂರನೆಯದರಲ್ಲಿ ಚೆಕ್‌ನ ಪಾಸ್ಟರ್ನಾಕ್ ಹೊಡೆದರು. ಕೊನೆಯಲ್ಲಿ ಸ್ವಿಸ್‌ನವರು ಗೋಲ್‌ಕೀಪರ್‌ನನ್ನೇ ಹೊರಗೆ ಕರೆದು ಒಬ್ಬ ಜಾಸ್ತಿ ಆಟಗಾರನನ್ನು ಇಳಿಸಿದರು. ಖಾಲಿ ಗೋಲಿಗೆ ಚೆಕ್‌ನ ಕೆಂಪ್ಫ್ ಎರಡನೆಯದನ್ನು ಹಾಕಿದರು. 2–0. ತವರಿನ ಜನ ಹೇಗೆ ಕೂಗಿದರು ಅಂತ ಕೇಳಬೇಕಾದರೆ ಕಾಮೆಂಟರಿ ಬಂದ್ ಮಾಡಿ, ಬರೀ ಮೈದಾನದ ಸದ್ದು ಇಡುವ ಆಯ್ಕೆ ಇದೆ. ಅದು ತುಂಬ ಚೆನ್ನಾಗಿದೆ.

ಇನ್ನು ನನ್ನ ದೂರು. ಎರಡು ಪೀರಿಯಡ್ ನಡುವೆ 15 ನಿಮಿಷ ಬಿಡುವು. ಆಗ ಮಷಿನ್ ಬಂದು ಐಸ್ ಸರಿಮಾಡುತ್ತದೆ. ಇವರು ಅದನ್ನೇ ಕತ್ತರಿಸಿ, ಒಂದೇ ಜಾಹೀರಾತನ್ನು ತಿರುಗಿಸಿ ತಿರುಗಿಸಿ ಹಾಕುತ್ತಾರೆ. ಒಂದೇ ಒಂದು ರಾತ್ರಿ, ಮರೆತರೋ ಏನೋ, ಕ್ಯಾಮೆರಾ ಹಾಗೇ ಬಿಟ್ಟಿದ್ದರು. ನಾನು ಟಿವಿ ಹತ್ತಿರ ಕುರ್ಚಿ ಎಳೆದುಕೊಂಡೆ. ಮಷಿನ್ ಕೆಳಗಿನ ಅಲಗು ಗೀರು ಬಿದ್ದ ಐಸನ್ನು ತೆಳ್ಳಗೆ ಹೆರೆದು ಒಳಗೆ ಎಳೆದುಕೊಳ್ಳುತ್ತದೆ. ಹಿಂದೆ ಒದ್ದೆ ಬಟ್ಟೆ ಬಿಸಿನೀರು ಸವರುತ್ತಾ ಹೋಗುತ್ತದೆ. ಅದರ ಹಿಂದೆ ಕನ್ನಡಿ ಹಾಸಿದ ಹಾಗೆ ಹೊಳಪು, ಮೇಲೆ ಸಣ್ಣಗೆ ಹಬೆ. ನೋಡ್ತಾ ನೋಡ್ತಾ ಹೊಳಪು ಮಂದವಾಗಿ, ಗಟ್ಟಿಯಾಗುತ್ತದೆ.

"ಅಪ್ಪಾಜಿ, ಬಿಸಿನೀರು ಹಾಕಿದ್ರೆ ಐಸ್ ಕರಗಲ್ವಾ?" ಅಂತ ಮಗಳು ಕೇಳಿದಳು.

ಕರಗಬೇಕು, ಅದಕ್ಕೇ ಹಾಕೋದು. ಮೇಲಿನ ಪದರ ಚೂರು ಕರಗಿ ಗೀರಿನೊಳಗೆ ಇಳಿದು, ಹಳೇ ಐಸ್ ಜೊತೆ ಒಂದಾಗುತ್ತದೆ. ಬಿಸಿನೀರಲ್ಲಿ ಗಾಳಿಯೂ ಕಮ್ಮಿ. ಐಸ್ ಗಡ್ಡೆಯ ನಡುವೆ ಬೆಳ್ಳಗೆ ಕಾಣುತ್ತದಲ್ಲ, ಅದು ಸಿಕ್ಕಿಕೊಂಡ ಗಾಳಿ, ಅಲ್ಲೇ ಗಡ್ಡೆ ಬೇಗ ಒಡೆಯೋದು. ಮೈದಾನದ ಐಸ್ ದಪ್ಪ ಮೂರ್ನಾಲ್ಕು ಸೆಂಟಿಮೀಟರ್ ಅಷ್ಟೇ. ಕೆಳಗೆ ಕಾಂಕ್ರೀಟ್, ಅದರೊಳಗೆ ತಣ್ಣನೆ ದ್ರವ ಹರಿಯುವ ಪೈಪು. ನಮ್ಮ ಫ್ಯಾಕ್ಟರಿಯ ಉಪ್ಪುನೀರಿನ ತೊಟ್ಟಿಯ ಕೆಲಸವೇ ಅದು. ಸಾವಿರಾರು ಜನ ಉಸಿರಾಡುವ ಹಾಲ್‌ನಲ್ಲಿ ಅಷ್ಟು ದೊಡ್ಡ ಹಾಳೆಯನ್ನು ಮೂಲೆಯಿಂದ ಮೂಲೆಗೆ ಒಂದೇ ಸಮ ಇಡೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಕೆಲಸಗಾರರನ್ನು ತೋರಿಸದೆ ಜಾಹೀರಾತು ತೋರಿಸೋದು ಸರಿಯಲ್ಲ. ಕಂಪನಿಗೆ ಹಾಗೇ ಬರೆದೆ. "ನಿಮ್ಮ ಸಲಹೆಗೆ ಧನ್ಯವಾದ" ಅಂತ ಉತ್ತರ ಬಂತು, ಮುಂದಿನ ಪಂದ್ಯದಲ್ಲೂ ಅದೇ ಜಾಹೀರಾತು.

ಇನ್ನೊಂದು ಸಮಸ್ಯೆ, ಚಿತ್ರ ಅರ್ಧ ನಿಮಿಷಕ್ಕಿಂತ ತಡವಾಗಿ ಬರುತ್ತದೆ. ಅಳಿಯ ಅಲ್ಲಿಂದ "ಗೋಲ್ ಮಾವಾ!" ಅಂತ ಕಳಿಸಿದಾಗ ನಮ್ಮ ಟಿವಿಯಲ್ಲಿ ಪಕ್ ಇನ್ನೂ ಆ ಕಡೆ ಇರುತ್ತಿತ್ತು. ಈಗ ಪಂದ್ಯ ಮುಗಿಯುವ ತನಕ ಫೋನ್ ಅಡುಗೆಮನೆಯಲ್ಲಿ ಇಡುತ್ತೇವೆ.

ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ. ಸುತ್ತು ಇರುವ ತಿಂಗಳು ಮಾತ್ರ ಕಟ್ಟಿ, ನಡುವೆ ಸುಮ್ನೆ ದುಡ್ಡು ಹೋಗುತ್ತದೆ. ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸರದಿ. ನಾನು ಕಟ್ಟಿದ್ದೇನೆ. ಬಿಡುವಿನ ಹೊತ್ತಿಗೆ ಅಳಿಯನೇ ಅಲ್ಲಿಗೆ ಹೋಗಿ ಮೈದಾನದಿಂದ ವಿಡಿಯೋ ಕಾಲ್ ಮಾಡ್ತೀನಿ ಅಂದಿದ್ದಾನೆ, ಟಿಕೆಟ್ ಸಿಕ್ಕರೆ.