ಮುಂಬಯಿಯಲ್ಲಿ ಹೆರಿಗೆ: ಮೂರು ಆಸ್ಪತ್ರೆ ಒಳಗಿಂದ ನೋಡಿದ ಮೇಲೆ

ಮುಂಬಯಿಯಲ್ಲಿರುವ ನಮ್ಮವರಲ್ಲಿ ಹೆರಿಗೆ ಎಲ್ಲಿ ಮಾಡಿಸೋದು ಅನ್ನೋ ಮಾತು ಬಂದರೆ ಮೊದಲು ರೂಮಿನ ಸುದ್ದಿಯೇ ಬರುತ್ತದೆ. ಎಸಿ ಇದೆಯಾ, ಜೊತೆಗಿರುವವರಿಗೆ ಮಂಚ ಇದೆಯಾ, ಊಟ ಹೇಗೆ. ನಾನು ಈಗ ಕೇಳುವುದು ಬೇರೆ. ರಾತ್ರಿ ಎರಡು ಗಂಟೆಗೆ ರಕ್ತ ಹೋಗಲು ಶುರುವಾದರೆ ಅಲ್ಲಿ ಯಾರಿರುತ್ತಾರೆ? ಏನಿರುತ್ತದೆ?

ನನ್ನ ಮೊದಲ ಹೆರಿಗೆ ಮನೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಆಯಿತು. ಎರಡನೆಯದು ದೊಡ್ಡ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ. ತಂಗಿಯದು 'ಮಾನ್ಯತಾ' ಅನ್ನೋ ಗುಣಮಟ್ಟದ ಸರ್ಟಿಫಿಕೇಟ್ ಇದ್ದ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿ ಲೇಬರ್ ರೂಮಿನಲ್ಲಿ ಅವಳ ಪಕ್ಕ ನಾನೇ ಇದ್ದೆ.

ನರ್ಸಿಂಗ್ ಹೋಮ್‌ನ ಡಾಕ್ಟರ್ ಮೇಡಂ ಒಳ್ಳೆಯವರು. ಪ್ರತಿ ಸಲ ಕೂರಿಸಿ ಮಾತಾಡುತ್ತಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ತೊಂದರೆ ಇದ್ದದ್ದು ರಾತ್ರಿಗೆ. ಮೇಡಂ ಮನೆಯಿಂದ ಬರಬೇಕು, ಅರಿವಳಿಕೆ ಡಾಕ್ಟರ್ ಇನ್ನೆಲ್ಲಿಂದಲೋ ಬರಬೇಕು. ಅಲ್ಲಿ ಇದ್ದವರು ಒಬ್ಬ ಆಯಾ ಮತ್ತು ನಾವು ಸಿಸ್ಟರ್ ಅಂತ ಕರೆಯುತ್ತಿದ್ದ ಒಂದು ಹುಡುಗಿ. ಮಗು ಬೇಗ ಬರಲಿ ಅಂತ ಆಯಾ ಎರಡೂ ಕೈಯಿಂದ ಹೊಟ್ಟೆ ಒತ್ತಿದರು. ಹಾಗೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲೇ ಹೇಳಿದೆ. ಆಮೇಲೆ ಸ್ರಾವ ಜಾಸ್ತಿ ಅನ್ನಿಸಿದಾಗ ನನ್ನ ಗಂಡನ ಕೈಗೆ ಚೀಟಿ ಕೊಟ್ಟು ಹೊರಗಿನ ಬ್ಲಡ್ ಬ್ಯಾಂಕಿಗೆ ಓಡಿಸಿದರು. ಅವರು ವಾಪಸ್ ಬರುವಷ್ಟರಲ್ಲಿ ಸ್ರಾವ ನಿಂತಿತ್ತು. ನಿಲ್ಲದೇ ಇದ್ದಿದ್ದರೆ?

ಎರಡನೇ ಸಲ ಎಂಟನೇ ತಿಂಗಳಿಗೆ ಬಿ.ಪಿ. ಏರಿತು. ತಲೆನೋವು, ಕಣ್ಣು ಮಂಜು. ಮುನಿಸಿಪಾಲಿಟಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಗದ್ದಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಆದರೆ ಒಳಗೆ ಹೋದ ಮೇಲೆ ಒಂದು ನಿಮಿಷವೂ ಹಾಳಾಗಲಿಲ್ಲ. ರೆಸಿಡೆಂಟ್ ಡಾಕ್ಟರ್ ಬಿ.ಪಿ. ನೋಡಿದವರೇ ಮ್ಯಾಗ್ನೀಸಿಯಮ್ ಸಲ್ಫೇಟ್ ಶುರು ಮಾಡಿದರು. ಮೊದಲು ನರಕ್ಕೆ ನಿಧಾನವಾಗಿ, ಆಮೇಲೆ ಎರಡೂ ಸೊಂಟಕ್ಕೆ ಒಂದೊಂದು ದಪ್ಪ ಸೂಜಿ. ಮೈಯೆಲ್ಲ ಬೆಂಕಿ ಹಾಯ್ದ ಹಾಗಾಯಿತು. ಬಿ.ಪಿ.ಯಿಂದ ಫಿಟ್ಸ್ ಬರದ ಹಾಗೆ ತಡೆಯುವ ಔಷಧಿ ಅದು. ಜಾಸ್ತಿಯಾದರೆ ಉಸಿರೇ ನಿಲ್ಲಬಹುದು. ಅದಕ್ಕೇ ಸಿಸ್ಟರ್ ಮತ್ತೆ ಮತ್ತೆ ಬಂದು ಸಣ್ಣ ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟುತ್ತಿದ್ದರು. ಕಾಲು ಜಿಗಿದರೆ ಸರಿ. ಉಸಿರು ಎಣಿಸುತ್ತಿದ್ದರು, ಮೂತ್ರದ ಚೀಲದ ಅಳತೆ ಬರೆಯುತ್ತಿದ್ದರು. ಹೊರಗೆ ಅಷ್ಟು ಗಲಾಟೆ ಇದ್ದರೂ ಆ ಬರೆಯೋದು ಮಾತ್ರ ತಪ್ಪಲಿಲ್ಲ. ರಕ್ತ ಅದೇ ಕಟ್ಟಡದಲ್ಲಿ, ಅರಿವಳಿಕೆ ಡಾಕ್ಟರ್ ಮೇಲಿನ ಮಹಡಿಯಲ್ಲಿ. ನಾನೂ ಮಗುವೂ ಇವತ್ತು ಚೆನ್ನಾಗಿದ್ದೇವೆ ಅಂದರೆ ಅದಕ್ಕೆ ಆ ವಾರ್ಡೇ ಕಾರಣ.

ಆದರೆ ಅಲ್ಲಿ ನನ್ನನ್ನು ಮನುಷ್ಯಳ ಹಾಗೆ ನಡೆಸಿಕೊಂಡರು ಅಂತ ಹೇಳಲಾರೆ. ಒಂದು ಮಂಚದಲ್ಲಿ ಇಬ್ಬರು. ನೋವಿಗೆ ಕೂಗಿದರೆ ಮಾವಶಿ, ಅಂದರೆ ವಾರ್ಡಿನ ಆಯಾ, 'ಓರಡೂ ನಕೋ' (ಕೂಗಬೇಡ) ಅಂತ ಗದರುತ್ತಿದ್ದರು. ಅಮ್ಮ ಬಾಗಿಲ ಹೊರಗೆ, ನಾನು ಒಳಗೆ. ಹೆರಿಗೆ ಹೊತ್ತಿನಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಅದು ಆ ಬಾಗಿಲವರೆಗೆ ಬಂದಿರಲಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಔಷಧಿ, ರಕ್ತ, ಊಟ ಎಲ್ಲ ಪುಕ್ಕಟೆ. ಆದರೂ ಒಂದೆರಡು ಔಷಧಿಗೆ ಹೊರಗಿನ ಚೀಟಿ ಬರೆದರು. ಜೀವ ಉಳಿಸುವ ಕೈಗಳೇ ಹೀಗೆ ಗದರಬೇಕಾ? ಜನ ಕಡಿಮೆ, ಹೊರೆ ಜಾಸ್ತಿ ಅನ್ನೋದು ನಿಜ. ಆದರೆ ಪಕ್ಕದಲ್ಲಿ ಒಬ್ಬಳು ತಾಯಿಯನ್ನು ನಿಲ್ಲಲು ಬಿಡುವುದಕ್ಕೆ ದುಡ್ಡೇನೂ ಬೇಡ ಅಲ್ವಾ.

ಮೂರನೆಯದು 'ಮಾನ್ಯತಾ' ಆಸ್ಪತ್ರೆ. ಸ್ತ್ರೀರೋಗ ತಜ್ಞರ ಸಂಘವಾದ ಫಾಗ್ಸಿ ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ ಕೊಡುವ ಗುರುತು ಇದು. ಒಟ್ಟು 16 ಮಾನದಂಡಗಳನ್ನು ನೋಡುತ್ತಾರೆ. ಸರ್ಕಾರಿ ಲೇಬರ್ ರೂಮುಗಳಿಗೆ 2017ರಿಂದ 'ಲಕ್ಷ್ಯ' ಅನ್ನೋ ಇಂಥದ್ದೇ ಕಾರ್ಯಕ್ರಮ ಇದೆ. ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ ನಾನು ನಂಬಲಿಲ್ಲ. ನಂಬಿದ್ದು ಮಗು ಹುಟ್ಟಿದ ಮೇಲಿನ ಹತ್ತು ನಿಮಿಷ ನೋಡಿ.

ಮಗು ಬಂದ ತಕ್ಷಣ ತಂಗಿಯ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್. ಗರ್ಭಕೋಶ ಕುಗ್ಗಿಸಿ ರಕ್ತ ಹೋಗುವುದನ್ನು ತಡೆಯುವ ಚುಚ್ಚುಮದ್ದು ಅದು. ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸಲಿಲ್ಲ, ಸ್ವಲ್ಪ ಹೊತ್ತು ಬಿಟ್ಟರು. ಅವಳ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದರು, ಅದರ ತುದಿ ಚೀಲದ ಹಾಗೆ ಇಳಿಬಿದ್ದಿತ್ತು, ಅದರ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಅದರಲ್ಲಿ ಬೀಳುತ್ತದೆ. ಸಿಸ್ಟರ್ ಬಗ್ಗಿ ಗೆರೆ ನೋಡಿ 'ಇನ್ನೂರೈವತ್ತು' ಅಂತ ಜೋರಾಗಿ ಹೇಳಿದರು, ಇನ್ನೊಬ್ಬರು ಬರೆದುಕೊಂಡರು. 500 ದಾಟಿದರೆ ಏನು ಮಾಡಬೇಕು ಅಂತ ಗೋಡೆಯಲ್ಲೇ ಬರೆದಿತ್ತು. ನನ್ನ ಮೊದಲ ಹೆರಿಗೆಯಲ್ಲಿ ಬಟ್ಟೆ ಒದ್ದೆಯಾಗಿದ್ದು ನೋಡಿ ಅಂದಾಜು ಮಾಡಿದ್ದರು, ಅಷ್ಟೇ. ಕಣ್ಣಂದಾಜಿನಲ್ಲಿ ರಕ್ತ ಸಾಮಾನ್ಯವಾಗಿ ಕಡಿಮೆಯಾಗಿಯೇ ಕಾಣುತ್ತದೆ.

ಈ ಚೀಲಕ್ಕೆ ನಮ್ಮ ಕಡೆಯ ನಂಟು ಇದೆ. ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಪರೀಕ್ಷಿಸಿದಾಗ ರಕ್ತವನ್ನು ಇಂಥ ಚೀಲದಲ್ಲೇ ಅಳೆದಿದ್ದರು. 2006ರಲ್ಲಿ ಬಂದ ಆ ವರದಿಯಲ್ಲಿ ಮಾತ್ರೆಯಿಂದ ಹೆಚ್ಚು ಸ್ರಾವ ಆದವರು 12 ಶೇಕಡಾದಿಂದ 6.4ಕ್ಕೆ ಇಳಿದಿದ್ದರು. ಆಮೇಲೆ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಅಳತೆ ಚೀಲ ಇಟ್ಟು, ಸ್ರಾವ ಜಾಸ್ತಿಯಾದ ಕೂಡಲೇ ಮಸಾಜ್, ಔಷಧಿ, ಡ್ರಿಪ್ ಎಲ್ಲ ಒಟ್ಟಿಗೆ ಕೊಡುವ ಪದ್ಧತಿ ನೋಡಿದರು. ತೀವ್ರ ರಕ್ತಸ್ರಾವದ ಕೇಸುಗಳು 60 ಶೇಕಡಾ ಕಡಿಮೆಯಾದವು ಅಂತ 2023ರಲ್ಲಿ ವರದಿ ಬಂತು. ಇಷ್ಟು ಗೊತ್ತಿದ್ದೂ ಎಲ್ಲ ಕಡೆ ಯಾಕಿಲ್ಲ ಅಂತ ನನಗೆ ಸಿಟ್ಟು ಬರುತ್ತದೆ.

ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬರೀ ಗೋಡೆಗೆ ಅಂಟಿಸಿದರೆ ಸಾಲದು ಅನ್ನೋದೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯಲ್ಲಿ 29 ಕೆಲಸಗಳಿವೆ. ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಅದನ್ನು ಮೊದಲು ಪ್ರಯೋಗ ಮಾಡಿದಾಗ, ಸರಾಸರಿ 10 ನಡೆಯುತ್ತಿದ್ದ ಕಡೆ 25 ನಡೆದವು. ಉತ್ತರ ಪ್ರದೇಶದ ದೊಡ್ಡ ಪ್ರಯೋಗದಲ್ಲಿ ಕೆಲಸಗಳು ಸುಧಾರಿಸಿದವು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಪಟ್ಟಿಯ ಹಿಂದೆ ರಕ್ತ, ಔಷಧಿ, ಕಲಿತ ಕೈ ಮೂರೂ ಇರಬೇಕು.

ಸಿಸೇರಿಯನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ 47 ಶೇಕಡಾ, ಸರ್ಕಾರಿಯಲ್ಲಿ 14 ಶೇಕಡಾ. ಖಾಸಗಿಯಲ್ಲಿ ಹೆಸರು ಬರೆಸುವ ಮುಂಚೆಯೇ 'ನಿಮ್ಮಲ್ಲಿ ಎಷ್ಟು ಆಗುತ್ತವೆ?' ಅಂತ ಕೇಳಿ. ತಂಗಿಯ ಆಸ್ಪತ್ರೆಯವರು ಬೇಜಾರಿಲ್ಲದೆ ಲೆಕ್ಕ ಹೇಳಿದರು. ದುಡ್ಡು ಮಾತ್ರ ಅಲ್ಲಿ ಜಾಸ್ತಿ. ನಾರ್ಮಲ್ ಹೆರಿಗೆಗೇ ಬಿಲ್ 70,000 ದಾಟಿತು. ಎಲ್ಲರಿಗೂ ಆಗುವ ಮಾತಲ್ಲ.

ಡಿಸ್ಚಾರ್ಜ್ ಹೊತ್ತಿಗೂ ವ್ಯತ್ಯಾಸ ಕಂಡಿತು. ನರ್ಸಿಂಗ್ ಹೋಮ್‌ನಲ್ಲಿ ಬಿಲ್ಲು, ಮಾತ್ರೆ ಚೀಟಿ. ಮುನಿಸಿಪಾಲಿಟಿಯಲ್ಲಿ ಬಿ.ಪಿ. ತೋರಿಸಲು ಬರಬೇಕಾದ ತಾರೀಕು ಮರಾಠಿಯಲ್ಲಿ ಬರೆದು, ಎರಡು ಸಲ ಹೇಳಿ ಕಳಿಸಿದರು. ತಂಗಿಯ ಆಸ್ಪತ್ರೆಯಲ್ಲಿ ಮಂಗಳೂರು ಕಡೆಯ ಸಿಸ್ಟರ್ ನಮ್ಮಮ್ಮನನ್ನೂ ಕೂರಿಸಿಕೊಂಡು ಕನ್ನಡದಲ್ಲೇ ಹೇಳಿದರು. 'ಅಮ್ಮಾ, ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ಜೋರು ತಲೆನೋವು ಬಂದರೆ, ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ ಕಾಯಬೇಡಿ, ಸೀದಾ ಬನ್ನಿ.'

ಈಗ ನಾದಿನಿಗೆ ಐದನೇ ತಿಂಗಳು. ಬಿ.ಪಿ., ಸಕ್ಕರೆ ಎರಡೂ ಸರಿ ಇವೆ. ತಂಗಿ ಹೋದ ಆಸ್ಪತ್ರೆಯಲ್ಲೇ ಹೆಸರು ಬರೆಸಿದ್ದೇವೆ. ಮುನಿಸಿಪಾಲಿಟಿ ಆಸ್ಪತ್ರೆಯಲ್ಲೂ ಒಂದು ಕೇಸ್ ಪೇಪರ್ ಮಾಡಿಸಿ ಇಟ್ಟಿದ್ದೇವೆ. ಬಿ.ಪಿ. ಸ್ವಲ್ಪ ಏರಿದರೂ ನಾನು ಅವಳನ್ನು ಕರೆದುಕೊಂಡು ಹೋಗುವುದು ಅಲ್ಲಿಗೇ.