ಈಸಕ್ಕಿಯಾಸೆ ನಿಮಗೇಕೆ: ‘ಶಿವಶರಣೆಯರ ವಚನ ಸಂಪುಟ’ ಕೊಳ್ಳುವವರಿಗೆ, ಓದುವವರಿಗೆ

ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಒಟ್ಟು 15. ಅವುಗಳಲ್ಲಿ ಒಂದನ್ನು ಮಾತ್ರ ಮನೆಗೆ ತರುವುದಾದರೆ 5ನೆಯದನ್ನು, ಅಂದರೆ ‘ಶಿವಶರಣೆಯರ ವಚನ ಸಂಪುಟ’ವನ್ನು ತನ್ನಿ. ನೆಮ್ಮದಿಯ ಬಗ್ಗೆ ಉಪದೇಶ ಮಾಡುವ ಪುಸ್ತಕಗಳಿಗೆ ಈಗ ಬರವಿಲ್ಲ. ‘ಇದ್ದದ್ದರಲ್ಲೇ ತೃಪ್ತಿಪಡಿ’ ಎಂದು ಎಲ್ಲವೂ ಹೇಳುತ್ತವೆ, ಆದರೆ ಎಷ್ಟಿದ್ದರೆ ಸಾಕು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. 12ನೇ ಶತಮಾನದ ಈ ಹೆಣ್ಣುಮಕ್ಕಳ ಹತ್ತಿರ ಉತ್ತರವಿದೆ. ಅಕ್ಕಿ ಆಯ್ದವರು, ಕಸ ಗುಡಿಸಿದವರು, ನೂಲು ತೆಗೆದವರು ಇವರು. ಸಾಕು ಎಂಬುದನ್ನು ದಿನದಿನದ ದುಡಿಮೆಯಲ್ಲಿ ಅಳೆದು ಕಂಡವರು.

ಹೆಚ್ಚಿನವರು ಅಕ್ಕಮಹಾದೇವಿಯಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಆಯ್ದಕ್ಕಿ ಲಕ್ಕಮ್ಮನ ಭಾಗ ತೆಗೆಯಿರಿ. ಕಲ್ಯಾಣದ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಆ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ತಂದನೆಂದು ಕಥೆ ಹೇಳುತ್ತದೆ. ಆಗ ಲಕ್ಕಮ್ಮನ ಮಾತು: ‘ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ.’ ಒಮ್ಮನ ಅಂದರೆ ಒಂದೇ ಮನಸ್ಸು, ಇಮ್ಮನ ಅಂದರೆ ಎರಡು ಮನಸ್ಸು. ಗಟ್ಟಿಯಾಗಿ ಓದಿದರೆ ‘ಮಾನ’ ಎಂಬ ಧಾನ್ಯದ ಅಳತೆಯ ಸದ್ದೂ ಕಿವಿಗೆ ತಾಕುತ್ತದೆ. ಅಕ್ಕಿ ಎರಡರಷ್ಟಾದಾಗ ಮನಸ್ಸೂ ಎರಡಾಯಿತು. ಹೆಚ್ಚಾದದ್ದನ್ನು ದಾನ ಮಾಡೋಣ, ನಾಳೆಗೆ ಇಡೋಣ ಎಂಬ ರಾಜಿ ಅವಳಿಗೆ ಒಪ್ಪಿಗೆಯಿಲ್ಲ. ‘ಅಲ್ಲಿಯೇ ಸುರಿದು ಬನ್ನಿ ಮಾರಯ್ಯಾ’ ಎನ್ನುತ್ತಾಳೆ. ಗಂಡನಿಗೆ ಬಹುವಚನದ ಗೌರವ ಹಾಗೇ ಇದೆ, ಅಕ್ಕಿ ಮಾತ್ರ ವಾಪಸ್. ‘ಈಸಕ್ಕಿಯಾಸೆ ನಿಮಗೇಕೆ?’ ಎಂಬ ಸಾಲನ್ನು ಈಸು, ಅಕ್ಕಿ, ಆಸೆ ಎಂದು ಬಿಡಿಸಿಕೊಳ್ಳಿ. ಈಸು ಅಂದರೆ ಇಷ್ಟು. ಕೊಳ್ಳುಬಾಕತನದ ಬಗ್ಗೆ ಕನ್ನಡದಲ್ಲಿ ಇಷ್ಟು ನೇರವಾದ ಪ್ರಶ್ನೆ ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಎರಡನೆಯದಾಗಿ ಸತ್ಯಕ್ಕನ ‘ಲಂಚವಂಚನಕ್ಕೆ ಕೈಯಾನದ ಭಾಷೆ’ ಓದಿ. ಹೊಸ ಓದುಗರು ಎಡವುವುದು ಇಲ್ಲಿಯೇ, ಅದೂ ಗೊತ್ತಿರುವ ಪದಗಳಲ್ಲಿ. ‘ಬಟ್ಟೆಯಲ್ಲಿ ಹೊನ್ನ ವಸ್ತ್ರ ಬಿದ್ದಡೆ’ ಎಂಬಲ್ಲಿ ಬಟ್ಟೆ ಎಂದರೆ ಉಡುವ ಬಟ್ಟೆಯಲ್ಲ, ದಾರಿ. ಭಾಷೆ ಎಂದರೆ ನುಡಿಯಲ್ಲ, ಕೊಟ್ಟ ಮಾತು. ಕೈಯಾನು ಎಂದರೆ ಕೈಯೊಡ್ಡು. ಈ ಮೂರು ತಿಳಿದರೆ ವಚನ ಬಾಗಿಲು ತೆರೆದಂತೆ ತೆರೆಯುತ್ತದೆ: ದಾರಿಯಲ್ಲಿ ಬಿದ್ದ ಚಿನ್ನವನ್ನೂ ವಸ್ತ್ರವನ್ನೂ ಮುಟ್ಟಿ ಎತ್ತಿದರೆ ನಿಮ್ಮಾಣೆ. ಗುಡಿಸುವ ಕಾಯಕದವಳ ಮಾತು ಇದು. ಬಿದ್ದದ್ದು ಮೊದಲು ಕಣ್ಣಿಗೆ ಬೀಳುವುದು ಗುಡಿಸುವವರಿಗೇ ಎಂಬುದನ್ನು ಮರೆಯಬೇಡಿ.

ಇಷ್ಟಾದ ಮೇಲೆ ಅಕ್ಕ. ‘ಹಸಿವಾದಡೆ ಊರೊಳಗೆ ಭಿಕ್ಷಾನ್ನಂಗಳುಂಟು’ ಎಂದು ಶುರುವಾಗುವ ವಚನವನ್ನು ಮೊಬೈಲಿನಲ್ಲಿ ಹಂಚುವವರು ಸಾಮಾನ್ಯವಾಗಿ ಕೊನೆಯ ಸಾಲನ್ನಷ್ಟೇ ಹಾಕುತ್ತಾರೆ: ‘ಆತ್ಮಸಂಗಾತಕ್ಕೆ ನೀನೆನಗುಂಟು.’ ಹಾಗೆ ಕತ್ತರಿಸಿದರೆ ಅದು ಬರೀ ಭಕ್ತಿಯ ಮಾತಾಗಿ ಉಳಿಯುತ್ತದೆ. ಮೊದಲ ಮೂರು ಸಾಲುಗಳಲ್ಲಿ ಏನಿದೆ ನೋಡಿ. ಹಸಿವಿಗೆ ಊರಿನ ಅನ್ನ, ಬಾಯಾರಿಕೆಗೆ ಕೆರೆ ಹಳ್ಳ ಬಾವಿ, ಮಲಗಲು ಹಾಳು ದೇಗುಲ. ಯಾರೋ ಬೇಯಿಸಿದ್ದು, ಯಾರೋ ತೋಡಿದ್ದು, ಯಾರೋ ಕಟ್ಟಿ ಬಿಟ್ಟದ್ದು. ಅವಳ ಏಕಾಂತ ನಿಂತಿರುವುದು ಎಲ್ಲರಿಗೂ ಸೇರಿದ ಈ ವಸ್ತುಗಳ ಮೇಲೆ. ಸ್ವಂತದ್ದು ಎಂದು ಅವಳು ಎಣಿಸುವುದು ಒಂದನ್ನೇ, ಅದೂ ಕೊನೆಗೆ. ಪ್ರತಿ ‘ಉಂಟು’ವಿನ ಮುಂದೆ ನಿಂತು ಓದಿ. ನಾಲ್ಕನೆಯ ‘ಉಂಟು’ವಿಗೆ ಬರುವಷ್ಟರಲ್ಲಿ ದನಿ ತಾನಾಗಿ ಇಳಿಯುತ್ತದೆ.

‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಎಲ್ಲರಿಗೂ ಬಾಯಿಪಾಠ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊನೆಯಲ್ಲಿ ಬರುವ ‘ಸಮಾಧಾನಿಯಾಗಿರಬೇಕು’ ಎಂಬ ಪದವನ್ನು ಮಾತ್ರ ಗಮನಿಸಿ. ಸುಖಿ, ಸಂತೋಷಿ ಎಂಬ ಪದಗಳನ್ನು ಬಿಟ್ಟು ಅವಳು ಆರಿಸಿದ್ದು ಇದನ್ನು.

ಸಂಪುಟದ ಕೊರತೆಗಳನ್ನೂ ಹೇಳಬೇಕು. ಇದು ಪಂಡಿತರು ಶೋಧಿಸಿದ ಪಠ್ಯ, ಆದ್ದರಿಂದ ವಚನದ ಕೆಳಗೇ ಸರಳ ಅರ್ಥ ಸಿಗುವುದಿಲ್ಲ. ಕಠಿಣ ಪದಗಳ ಅರ್ಥ ಹೇಳುವ ಪರಿಭಾಷಾ ಕೋಶ ಬೇರೆಯೇ ಸಂಪುಟ, 15ನೆಯದು. ಷಟ್‌ಸ್ಥಲ, ಲಿಂಗಾಂಗ ಎಂಬಂಥ ಶರಣತತ್ತ್ವದ ಪದಗಳು ಒತ್ತೊತ್ತಾಗಿ ಬರುವ ವಚನಗಳಲ್ಲಿ ಅದಿಲ್ಲದೆ ದಾರಿ ಕಾಣದು. ಅಂಥವನ್ನು ಮೊದಲ ಸುತ್ತಿನಲ್ಲಿ ಬಿಟ್ಟು ಮುಂದೆ ಹೋಗಿ, ತಪ್ಪಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಓಟದಲ್ಲಿ ಓದಿದರೂ ಕೆಡುತ್ತದೆ: ಎಂಟು ಹತ್ತು ವಚನ ದಾಟಿದ ಮೇಲೆ ಎಲ್ಲವೂ ಒಂದೇ ರೀತಿ ಕೇಳತೊಡಗುತ್ತವೆ. ದಿನಕ್ಕೆ ಎರಡು ಸಾಕು. ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು.

ಅಂಗಡಿಯಲ್ಲಿ ಬಿಡಿ ಸಂಪುಟ ಸಿಗದಿದ್ದರೆ ಗ್ರಂಥಾಲಯದಲ್ಲಿ ವಿಚಾರಿಸಿ. ‘ವಚನ ಸಂಚಯ’ ಜಾಲತಾಣದಲ್ಲಿ ವಚನಗಳನ್ನು ಪದ ಹಾಕಿ ಹುಡುಕುವ ಸೌಲಭ್ಯವೂ ಇದೆ, ಉಚಿತ. ಹುಡುಕುವಾಗ ಹಳೆಯ ರೂಪವನ್ನೇ ಕೊಡಿ. ‘ಹಸಿವಾದರೆ’ ಎಂದು ಬರೆದರೆ ಅಕ್ಕನ ಈ ವಚನ ಸಿಕ್ಕದು, ‘ಹಸಿವಾದಡೆ’ ಎನ್ನಬೇಕು. ‘ಒಂಟಿತನ’ ಎಂದು ಹುಡುಕಿಯೂ ಫಲವಿಲ್ಲ. ‘ಸಂಗ’, ‘ಸಂಗಾತ’, ‘ಅಗಲಿ’ ಎಂಬ ಪದಗಳಿಂದ ಹುಡುಕಿ.

ಯಾರನ್ನಾದರೂ ಕಳೆದುಕೊಂಡು ಒಂಟಿಯಾದವರಿಗೆ ಈ ಸಂಪುಟ ಕೊಡುವುದಾದರೆ ಮುಕ್ತಾಯಕ್ಕನ ಪುಟದಲ್ಲಿ ಗುರುತಿಟ್ಟು ಕೊಡಿ. ಅವಳ ಅಣ್ಣ ಅಜಗಣ್ಣ ತೀರಿಕೊಂಡಿದ್ದಾನೆ, ಅಲ್ಲಮ ಎದುರು ನಿಂತು ಅವಳ ದುಃಖವನ್ನೇ ಪ್ರಶ್ನಿಸುತ್ತಾನೆ, ಅವಳು ಸುಲಭಕ್ಕೆ ಬಗ್ಗುವುದಿಲ್ಲ. ಬೇರೆ ವಚನಕಾರರು ದೇವರ ಹೆಸರನ್ನು ಅಂಕಿತವಾಗಿ, ಅಂದರೆ ವಚನದಲ್ಲಿ ತಮ್ಮ ಗುರುತಿನ ಮುದ್ರೆಯಾಗಿ, ಇಟ್ಟುಕೊಂಡ ಜಾಗದಲ್ಲಿ ಅವಳು ಇಟ್ಟದ್ದು ಅಣ್ಣನ ಹೆಸರನ್ನು. ಓದುವಾಗ ಆ ಹೆಸರಿಗೆ ಮುಂಚೆ ಒಂದು ಉಸಿರು ನಿಲ್ಲಿಸಿ.